ಅಂಗಾಲಿನ ಗುಂಡುಪಿನ್ನು

ಹೊಲಿಗೆ ಮಿಷನ್ನಿನ ಪೆಡಲ್ ಮೇಲೆ ಚಪ್ಪಲಿ ಕಾಲು ಇಡಬಾರದು ಎಂದು ಮೊದಲು ಹೇಳಿದವರು ಯಾರೋ ನನಗೆ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಅವರ ಮನೆ ಬಾಗಿಲಿಗೆ ಹೋಗಿ ನಮ್ಮವ್ವನ ಬಲಗಾಲನ್ನು ತೋರಿಸಿ ಬರುತ್ತಿದ್ದೆ. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಒಂದು ವರ್ಷ ಕಾದೆ. ಅದು ಇಳಿಯಲಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನಮ್ಮದು ತುರುವೇಕೆರೆಯಲ್ಲಿ ಎರಡು ಕೋಣೆಯ ಮನೆ. ಅಪ್ಪ ಬೇರೆಯವರ ತೋಟಗಳಲ್ಲಿ ತೆಂಗಿನಕಾಯಿ ಸುಲಿಯುವವನು. ಅವ್ವ ಮನೆಯಲ್ಲೇ ಕೂತು ಹೆಂಗಸರ ಬಟ್ಟೆ ಹೊಲಿಯುವವಳು. ಇಬ್ಬರೂ ಸೇರಿ ಇರುವ ಒಬ್ಬಳೇ ಮಗಳನ್ನು ಬಿ.ಎಸ್ಸಿ. ಓದಿಸಿದರು, ಆಮೇಲೆ ಬಿ.ಇಡಿ. ಕೂಡ ಮಾಡಿಸಿದರು. ಅಪ್ಪನ ಕಡೆಯಲ್ಲೂ ಅವ್ವನ ಕಡೆಯಲ್ಲೂ ಪದವಿ ಪಡೆದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾಕೆಂದರೆ ಅದು ಪುಕ್ಕಟೆ ಬಂದದ್ದಲ್ಲ. ಈಗ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ.

ಟೈಲರ್ ಅಂಗಡಿಗಳಲ್ಲಿ ಬಟ್ಟೆ ಕತ್ತರಿಸಲು ದೊಡ್ಡ ಮೇಜು ಇರುತ್ತದೆ. ನಮ್ಮ ಮನೆಯಲ್ಲಿ ನೆಲವೇ ಮೇಜು. ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಕೆಂಪು ಗಾರೆ ನೆಲವನ್ನು ಒರೆಸಿ, ಒಣಗಿದ ಮೇಲೆ ಸೀರೆಯನ್ನೋ ರವಿಕೆ ಪೀಸನ್ನೋ ಹಾಸಿಕೊಂಡು, ಕುಕ್ಕರುಗಾಲಲ್ಲಿ ಕೂತು ಅವ್ವ ಗೆರೆ ಎಳೆಯುತ್ತಿದ್ದಳು. ಹೊಸಲು ದಾಟಿ ಯಾರ ಚಪ್ಪಲಿಯೂ ಒಳಗೆ ಬರಬಾರದು ಎಂಬ ಅವಳ ಕಟ್ಟಳೆಗೆ ಅರ್ಥವಿತ್ತು. ಬೇರೆಯವರ ರೇಷ್ಮೆಗೆ ನಮ್ಮ ಬೀದಿಯ ಮಣ್ಣು ಅಂಟಿದರೆ ಯಾರು ಉತ್ತರ ಹೇಳಬೇಕು? ಅದರ ಬಗ್ಗೆ ನನಗೆ ತಕರಾರಿಲ್ಲ.

ತಕರಾರು ಇರುವುದು ಮಿಷನ್ನಿನ ವಿಷಯದಲ್ಲಿ. ಅವ್ವನಿಗೆ ಅದು ಲಕ್ಷ್ಮಿ. ಶುಕ್ರವಾರ ಚಕ್ರಕ್ಕೆ ಕುಂಕುಮ ಇಡುತ್ತಾಳೆ. ಕಾಲು ತೊಳೆಯದೆ ಪೆಡಲ್ ಮುಟ್ಟುವುದಿಲ್ಲ. ಬರಿಗಾಲಲ್ಲಿ ತುಳಿದರೇ ಮಿಷನ್ನು ಮಾತು ಕೇಳುತ್ತದೆ ಎನ್ನುತ್ತಿದ್ದಳು, ಅದು ನಿಜವೂ ಆಗಿತ್ತು. ಬೆಲ್ಟ್ ಸಡಿಲವಾದರೆ ಅವಳಿಗೆ ಹೆಬ್ಬೆರಳಿನಲ್ಲಿ ಗೊತ್ತಾಗುತ್ತಿತ್ತು. ಎಣ್ಣೆ ಕಮ್ಮಿಯಾದರೆ ಹಿಮ್ಮಡಿಯಲ್ಲಿ. ನಾನು ಪಕ್ಕದಲ್ಲಿ ಕೂತು ಓದುವಾಗ ಅವಳು ನನ್ನ ಪುಸ್ತಕದ ಕಡೆ ನೋಡುತ್ತಲೇ ಹೊಲಿಯುತ್ತಿದ್ದಳು, ಹೊಲಿಗೆ ಮಾತ್ರ ದಾರ ಹಿಡಿದು ಎಳೆದಷ್ಟು ನೇರವಾಗಿ ಹೋಗುತ್ತಿತ್ತು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ಸಲ ಅವಳಿಲ್ಲದ ಹೊತ್ತು ನೋಡಿ ಪೆಡಲ್ ಮೇಲೆ ಕಾಲಿಟ್ಟೆ. ಹಿಂದಿನಿಂದ ಬಂದವಳು ಬಟ್ಟೆ ಅಳೆಯುವ ಮರದ ಪಟ್ಟಿಯಲ್ಲಿ ಮೀನಖಂಡಕ್ಕೆ ಒಂದು ಬಿಟ್ಟಳು.

“ಈ ಪೆಡ್ಲು ನನ್ನ ಕಾಲಿಗೇ ಸಾಕು. ನಿನ್ನ ಕಾಲು ಇಸ್ಕೂಲ್ ಕಡೀಕೆ ಹೋಗ್ಲಿ” ಎಂದಳು.

ಆಮೇಲೆ ನಾನು ಆ ಮಿಷನ್ನನ್ನು ಮುಟ್ಟಲಿಲ್ಲ. ನನಗೆ ಕೊಟ್ಟಿದ್ದ ಕೆಲಸ ಒಂದೇ. ಸಂಜೆ ಹೊಲಿಗೆ ಮುಗಿದ ಮೇಲೆ, ಹಳೆಯ ರೇಡಿಯೋದ ಸ್ಪೀಕರಿನಿಂದ ಬಿಚ್ಚಿದ ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ನೆಲದ ಮೇಲೆಲ್ಲ ಆಡಿಸುವುದು. ಬಿದ್ದಿದ್ದ ಸೂಜಿ, ಗುಂಡುಪಿನ್ನುಗಳೆಲ್ಲ ಟಕ್ ಟಕ್ ಎಂದು ಅಂಟಿಕೊಳ್ಳುತ್ತಿದ್ದವು, ಅವನ್ನು ತಗಡಿನ ಡಬ್ಬಿಗೆ ಹಾಕುತ್ತಿದ್ದೆ. ತಿಪಟೂರಿನ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಲು ಶುರು ಮಾಡಿದ ಮೇಲೆ ಅದನ್ನೂ ಬಿಟ್ಟೆ. ಯಾರೂ ಬಿಡು ಎನ್ನಲಿಲ್ಲ. ಡಿಗ್ರಿ ಓದುವವಳು ಪಿನ್ನು ಆಯುವುದೇ ಎಂದು ನನಗೇ ಅನ್ನಿಸಿತು.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಮಿಷನ್ನಿನಲ್ಲಿ ದಾರ ಕಿತ್ತುಹೋಗಲು ಶುರುವಾಯಿತು. ಮೊದಲು ದಿನಕ್ಕೊಂದು ಸಲ. ಆಮೇಲೆ ಒಂದು ತೋಳು ಕೂಡಿಸುವಷ್ಟರಲ್ಲಿ ಮೂರು ಸಲ. ಬಟ್ಟೆಯ ಅಡಿಯಲ್ಲಿ ದಾರ ಗಂಟುಗಂಟಾಗಿ ಸಿಕ್ಕುಗಟ್ಟುತ್ತಿತ್ತು. ಅವ್ವ ಕೂತಲ್ಲಿಯೇ ದಾರವನ್ನು ಬೈಯುತ್ತಿದ್ದಳು, ನಾನು ಅವ್ವನನ್ನು ಬೈಯುತ್ತಿದ್ದೆ.

“ಕಣ್ಣು ತೋರಿಸ್ಕ ಅಂದ್ರೆ ತೋರಿಸ್ಕೊಳಲ್ಲ. ಸೂಜಿಗೆ ದಾರ ಸರಿಯಾಗಿ ಪೋಣಿಸಿರಲ್ಲ ನೀನು.”

“ಕಣ್ಣು ಚೆನ್ನಾಗೈತೆ ಕಣೇ. ಈ ದಾರನೇ ಸರಿಗಿಲ್ಲ.”

“ಆ ದಾರ ಸರಿಗಿಲ್ಲ ಅಂತ ತಾನೇ ಇದನ್ನ ತಂದಿದ್ದು?”

“ಅದೂ ಸರಿಗಿಲ್ಲ, ಇದೂ ಸರಿಗಿಲ್ಲ. ಹೋಗೇ, ನಿನ್ನ ಇಸ್ಕೂಲ್ ನೋಡ್ಕ.”

ತಿಪಟೂರಿನಿಂದ ಒಬ್ಬರು ಸಾಬರು ಮಿಷನ್ ರಿಪೇರಿಗೆ ಬರುತ್ತಿದ್ದರು. ನಾನು ಹುಟ್ಟುವ ಮೊದಲಿನಿಂದ ಈ ಮಿಷನ್ನನ್ನು ನೋಡಿಕೊಂಡವರು ಅವರೇ. ಅವ್ವನನ್ನು ಅಕ್ಕ ಎನ್ನುತ್ತಾರೆ, ಅವಳು ಅವರನ್ನು ಅಣ್ಣ ಎನ್ನುತ್ತಾಳೆ. ಯಾರು ದೊಡ್ಡವರು ಎಂದು ಇಬ್ಬರೂ ಲೆಕ್ಕ ಹಾಕಿಲ್ಲ. ಮೊದಲ ಸಲ ಬಂದು, ಕೆಳದಾರದ ಉಂಡೆ ಕೂರುವ ಬಾಬಿನ್ ಕೇಸ್ ಬದಲಾಯಿಸಿದರು. ಎರಡನೇ ಸಲ ಬೆಲ್ಟ್ ಹಾಕಿದರು. ಯುಗಾದಿ ಮುಗಿದ ವಾರ, ಮೂರನೇ ಸಲ ಬಂದಾಗ, ಅವರು ಸ್ಕ್ರೂಡ್ರೈವರ್ ತೆಗೆಯಲೇ ಇಲ್ಲ. ನೆಲದ ಮೇಲೆ ಕಾಲು ಮಡಚಿ ಕೂತುಕೊಂಡು, “ಅಕ್ಕಾ, ನೀವು ಹೊಲೀರಿ. ನಾನು ಸುಮ್ನೆ ನೋಡ್ತೀನಿ” ಎಂದರು.

ಅಂದು ಭಾನುವಾರ. ನಾನೂ ಬಾಗಿಲಲ್ಲಿ ನಿಂತಿದ್ದೆ. ಅವ್ವ ಕೈಯಲ್ಲಿ ಚಕ್ರವನ್ನು ತನ್ನ ಕಡೆಗೆ ಎಳೆದು ಹೊಲಿಗೆ ಶುರು ಮಾಡಿದಳು. ನಾನು ಸೂಜಿಯನ್ನು ನೋಡುತ್ತಿದ್ದೆ. ಅವರು ಸೂಜಿಯ ಕಡೆ ತಲೆಯೆತ್ತಲೇ ಇಲ್ಲ. ಅವ್ವನ ಪಾದಗಳನ್ನೇ ನೋಡುತ್ತ ಕೂತರು. ತೋಳಿನ ಸುತ್ತು ತಿರುಗಿಸಲು ಅವ್ವ ನಿಲ್ಲಿಸಿದಳು, ಮತ್ತೆ ತುಳಿದಳು, ದಾರ ಕಿತ್ತುಹೋಯಿತು.

“ಮಿಷಿನ್ ಚೆನ್ನಾಗೈತೆ ಅಕ್ಕಾ” ಎಂದರು ಅವರು. “ನಿಮ್ಮ ಕಾಲು ಉಲ್ಟಾ ತುಳೀತೈತೆ. ಚಕ್ರ ಹಿಂದಕ್ಕೆ ತಿರುಗ್ತೈತೆ, ಅದುಕ್ಕೆ ದಾರ ಕೀಳ್ತೈತೆ.”

ಅವ್ವ ನಕ್ಕಳು. “ಏನಣ್ಣಾ ನೀನು. ಇವತ್ತು ಮಿಷಿನ್ ಕಲಿಯಕ್ಕೆ ಬಂದೋಳಾ ನಾನು? ಉಲ್ಟಾ ತುಳಿದ್ರೆ ನನ್ನ ಕಾಲಿಗೆ ಗೊತ್ತಾಗಲ್ವಾ?”

“ಅದೇ ಅಕ್ಕಾ ನಾನು ಕೇಳ್ತಿರೋದು. ಗೊತ್ತಾಗ್ತೈತಾ?”

ಅವ್ವ ಪೆಡಲ್ಲಿನಿಂದ ಕಾಲು ತೆಗೆದು ಸೂಜಿಗೆ ಮತ್ತೆ ದಾರ ಪೋಣಿಸತೊಡಗಿದಳು. ಅವರು ಇನ್ನೂ ಬಗ್ಗಿ ಆ ಕಾಲಿನ ಅಡಿ ನೋಡಿದರು. ಆಮೇಲೆ ಬಹಳ ಮೆತ್ತಗೆ ಹೇಳಿದರು. “ಅಕ್ಕಾ, ಕಾಲಾಗೆ ಪಿನ್ ಐತೆ.”

“ಎಲ್ಲಿ?” ಎಂದಳು ಅವ್ವ. ಎಂದವಳೇ ನೆಲದ ಮೇಲೆ ಹುಡುಕತೊಡಗಿದಳು.

ಗುಂಡುಪಿನ್ನು ಅವಳ ಬಲ ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡದಲ್ಲಿ ಇತ್ತು. ತಲೆ ಮಾತ್ರ ಹೊರಗೆ ಕಾಣುತ್ತಿತ್ತು. ಸುತ್ತಲಿನ ಚರ್ಮ ಬೆಳ್ಳಗಾಗಿ ಊದಿತ್ತು. ಎಂದು ಚುಚ್ಚಿತ್ತೋ ಯಾರಿಗೆ ಗೊತ್ತು. ಪಕ್ಕದಲ್ಲಿ ಹಳೆಯದೊಂದು ತೂತು ಬೇರೆ, ಅದು ಕಪ್ಪಗಾಗಿತ್ತು. ಆ ಕಾಲಲ್ಲಿ ಅವಳು ನೀರು ಹೊತ್ತಿದ್ದಳು, ಸಂತೆಗೆ ಹೋಗಿ ಬಂದಿದ್ದಳು, ಪೆಡಲ್ ತುಳಿದಿದ್ದಳು.

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಅದೂ ಅವಳ ಮೇಲೆ. “ಎಷ್ಟು ದಿನದಿಂದ ಹಿಂಗೆ? ಬಾಯಿ ಇರ್ಲಿಲ್ವಾ ಹೇಳಕ್ಕೆ?” ಎಂದು ಕೂಗಾಡಿದೆ. ಸಾಬರು ನನ್ನ ಕಡೆ ನೋಡಿ, “ಗೊತ್ತಾಗಿದ್ರೆ ಹೇಳೋರಲ್ವಾ ತಾಯಿ” ಎಂದರು.

ಆ ವಾರವಷ್ಟೇ ನಾನು ಹತ್ತನೇ ಕ್ಲಾಸಿಗೆ ಪರೀಕ್ಷೆಗೆಂದು ನರಮಂಡಲವನ್ನು ಮತ್ತೊಮ್ಮೆ ಹೇಳಿಕೊಟ್ಟಿದ್ದೆ. ಮುಳ್ಳು ತುಳಿದ ಕಾಲು ತಾನಾಗಿ ಮೇಲಕ್ಕೆ ಏಳುವುದು ಹೇಗೆ ಎಂದು ಬೋರ್ಡಿನ ಮೇಲೆ ಒಂದು ಪಾದ ಬರೆದು, ಅದರಿಂದ ಬೆನ್ನುಹುರಿಯವರೆಗೆ ಬಣ್ಣದ ಸೀಮೆಸುಣ್ಣದಲ್ಲಿ ಬಾಣ ಎಳೆದಿದ್ದೆ. ಮೂರು ಅಂಕದ ಪ್ರಶ್ನೆ ಬಂದೇ ಬರುತ್ತದೆ, ಚಿತ್ರ ಚೆನ್ನಾಗಿ ಬರೆಯಿರಿ ಎಂದಿದ್ದೆ. ಅವ್ವನಿಗೆ ಸಕ್ಕರೆ ಕಾಯಿಲೆ ಇದ್ದದ್ದು ನನಗೆ ಗೊತ್ತಿತ್ತು. ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ತಿನ್ನುತ್ತದೆ ಎನ್ನುವುದೂ ಗೊತ್ತಿತ್ತು. ಎರಡೂ ನನ್ನ ತಲೆಯಲ್ಲಿ ಬೇರೆ ಬೇರೆ ಕಡೆ ಕೂತಿದ್ದವು. ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಸ್ಪ್ಯಾನರ್ ಹಿಡಿದ ಸಾಬರು ನೆಲದ ಮೇಲೆ ಕೂತು ಐದು ನಿಮಿಷ ನೋಡಿ ಹೇಳಿದ್ದನ್ನು, ನಾನು ಮೂರು ತಿಂಗಳು ಪಕ್ಕದಲ್ಲಿದ್ದು ನೋಡಲಿಲ್ಲ. ನಾನು ನೋಡಿದ್ದು ದಾರವನ್ನು.

ಆಸ್ಪತ್ರೆಯಲ್ಲಿ ಡಾಕ್ಟರು ಪಿನ್ನು ತೆಗೆದು, ಗಾಯ ತೊಳೆದು, ಆಮೇಲೆ ನೈಲಾನ್ ಎಳೆಯಂಥದ್ದೊಂದನ್ನು ಅವಳ ಅಂಗಾಲಿಗೆ ಒತ್ತಿ ಒತ್ತಿ ಕೇಳಿದರು. “ಗೊತ್ತಾಗ್ತಿದೆಯಾ ಅಮ್ಮ?” ಅವ್ವ ಪ್ರತಿ ಸಲವೂ “ಹೂಂ” ಎಂದಳು. ನಾನು ಅವಳ ಮುಖ ನೋಡಿದೆ. ಅವಳು ಡಾಕ್ಟರ ಕೈ ನೋಡುತ್ತಿದ್ದಳು. ಕೈ ಕೆಳಗೆ ಹೋದಾಗ ಹೂಂ, ಮೇಲೆ ಬಂದಾಗ ಸುಮ್ಮನೆ. ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಹುಡುಗಿಯರನ್ನು ದಿನಾ ನೋಡುವವಳು ನಾನು.

“ಕಣ್ಣು ಮುಚ್ಚಿಸಿ ಕೇಳಿ ಸಾರ್” ಎಂದೆ.

ಅವ್ವ ನನ್ನನ್ನು ನೋಡಿದ ರೀತಿಯನ್ನು ಬರೆಯಲು ಆಗುವುದಿಲ್ಲ. ಕಣ್ಣು ಮುಚ್ಚಿದಳು. ಡಾಕ್ಟರು ಒತ್ತುತ್ತಾ ಹೋದರು. ಅವ್ವ ಬಾಯಿ ಬಿಡಲಿಲ್ಲ. ಎರಡೂ ಕಾಲು ಮುಗಿದವು. “ಇನ್ನೂ ಶುರು ಮಾಡಿಲ್ವಾ ಸಾಮಿ?” ಎಂದು ಕೇಳಿದಳು.

ಡಾಕ್ಟರು ನನಗೆ ಹೇಳಿದ್ದು ಇಷ್ಟು: ಇನ್ನೊಂದೆರಡು ವಾರ ಬಿಟ್ಟಿದ್ದರೆ ಬೆರಳು ತೆಗೆಯಬೇಕಾಗುತ್ತಿತ್ತು. ಹೀಗೇ ಇನ್ನೊಂದು ಸಲ ಆದರೆ ಪಾದವೇ ಹೋಗಬಹುದು. ಇನ್ನು ಮುಂದೆ ಮನೆಯೊಳಗೂ ಬರಿಗಾಲಲ್ಲಿ ಒಂದು ಹೆಜ್ಜೆ ಇಡಬಾರದು.

ಗಾಯ ಆರಲು ಎರಡು ತಿಂಗಳ ಮೇಲಾಯಿತು. ತಿಪಟೂರಿಗೆ ಹೋಗಿ, ಸಕ್ಕರೆ ಕಾಯಿಲೆಯವರಿಗೆಂದೇ ಮಾಡುವ, ಹಿಂದೆ ಅಂಟುಪಟ್ಟಿ ಇರುವ ಮೆತ್ತನೆಯ ಚಪ್ಪಲಿ ತಂದೆ. ಅವ್ವ ಅದನ್ನು ಹಾಕಿಕೊಂಡು ಅಂಗಡಿ ಬೀದಿಗೆ ಹೋಗಿ ಬಂದು, ಹೊಸಲಲ್ಲಿ ಬಿಚ್ಚಿ, ಒರೆಸಿ, ಒಳಗಿಡುತ್ತಿದ್ದಳು. ಕೇಳಿದರೆ, “ಹೊಸವು ಕಣೇ, ಮನೇಲಿ ಹಾಕ್ಕಂಡು ಯಾಕೆ ಸವೆಸೋದು?” ಎನ್ನುತ್ತಿದ್ದಳು. ಅಪ್ಪ ತನ್ನ ಬಿರುಕುಬಿಟ್ಟ ಹಿಮ್ಮಡಿಯನ್ನು ಕಲ್ಲಿಗೆ ತಿಕ್ಕುತ್ತ, “ಬೀದಿಗೊಂದು ಜೊತೆ, ಮನೆಗೊಂದು ಜೊತೆ ತಂದ್ಬುಡು ಅತ್ಲಾಗೆ” ಎಂದ. ಎರಡನೇ ಜೊತೆ ತಂದೆ. ದಿನಾ ಜಗಳವಾಡಿ ಹಾಕಿಸಿದೆ. ಸಾಬರು ಒಂದು ದಿನ ಬಂದು ಚಕ್ರದ ಮೇಲೆ ಬಿಳಿ ಪೇಂಟಿನಲ್ಲಿ ಬಾಣದ ಗುರುತು ಬರೆದುಕೊಟ್ಟರು. “ಕಾಲು ಹೇಳ್ದೆ ಹೋದ್ರೆ ಕಣ್ಣು ಹೇಳ್ಲಿ ಅಕ್ಕಾ” ಎಂದರು. ಅವ್ವ ನಿಧಾನವಾಗಿ, ಬಾಣ ನೋಡಿಕೊಂಡು, ಚಪ್ಪಲಿ ಕಾಲಲ್ಲಿ ಹೊಲಿಯುವುದನ್ನು ಮೊದಲಿನಿಂದ ಕಲಿತಳು.

ಆಗ ಬಂದದ್ದು ಶ್ರಾವಣ.

ನಮ್ಮ ಕಡೆ ಈಗ ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಸಕ್ಕೆ ಉಡಿಸುವ ಸೀರೆಯನ್ನು ಮೊದಲೇ ನೆರಿಗೆ ಹಿಡಿದು ಹೊಲಿಸಿಟ್ಟುಕೊಳ್ಳುತ್ತಾರೆ. ಹಬ್ಬದ ಬೆಳಗ್ಗೆ ಕಟ್ಟಿದರಾಯಿತು. ಅವ್ವ ಹಿಡಿದ ನೆರಿಗೆ ಇಸ್ಪೀಟು ಎಲೆ ಬಿಚ್ಚಿದಂತೆ ಒಂದೇ ಸಮ ಇರುತ್ತದೆ. ಆ ತಿಂಗಳು ನಮ್ಮ ಮನೆಗೆ ತೋಟದ ಮನೆಗಳ ಹೆಂಗಸರೆಲ್ಲ ಬರುತ್ತಾರೆ. ಅವರಲ್ಲಿ ಒಬ್ಬಾಕೆಯ ತೋಟದಲ್ಲೇ ಅಪ್ಪ ಬಹಳ ವರ್ಷದಿಂದ ಕಾಯಿ ಸುಲಿಯುವುದು. ಆಕೆ ಹಸಿರು ರೇಷ್ಮೆ ಸೀರೆ ತಂದು ಕೊಟ್ಟು, ತಿರುಗುವಾಗ ಅವ್ವನ ಕಾಲು ನೋಡಿದಳು.

“ಇದೇನಮ್ಮಾ, ಮಿಷಿನ್ ಮ್ಯಾಲೆ ಚಪ್ಪಲಿ ಕಾಲು ಇಕ್ಕಿದ್ದೀಯ?”

ಅವ್ವ ಕಾಲನ್ನು ಸೀರೆಯ ಒಳಗೆ ಎಳೆದುಕೊಂಡಳು. “ಡಾಕ್ಟ್ರು ಹೇಳವ್ರೆ ಅಮ್ಮಾರೇ.”

“ಡಾಕ್ಟ್ರು ಸಾವ್ರ ಹೇಳ್ತಾರೆ. ಲಕ್ಷ್ಮಿಗೆ ಉಡ್ಸೋ ಸೀರೆ ಕಣಮ್ಮ ಇದು.” ನನ್ನ ಕಡೆ ತಿರುಗಿದಳು. “ಮಗಳು ಡಿಗ್ರಿ ಮಾಡವ್ಳಲ್ಲ, ಅದುಕ್ಕೆ ಚಪ್ಪಲಿಗೂ ಒಳೀಕೆ ಬರೋ ಯೋಗ ಬಂದೈತೆ.”

“ನಿಮ್ಮ ಮನೇಲಿ ಟೈಲ್ಸ್ ತಣ್ಣಗಾಗುತ್ತೆ ಅಂತ ನೀವು ಚಪ್ಪಲಿ ಹಾಕ್ಕೊಂಡೇ ಓಡಾಡ್ತೀರಲ್ಲ ಆಂಟಿ. ನಾನೇ ನೋಡಿದೀನಿ” ಎಂದೆ.

“ಅವು ಮನೇವು ಕಣಮ್ಮ. ಬೀದೀವಲ್ಲ.”

“ಇವೂ ಮನೇವೇ.”

“ನಾಲ್ಗೆ ಚೆನ್ನಾಗಿ ಓದ್ಸಿದ್ದೀಯ ಬುಡು ನಿನ್ ಮಗಳ್ಗೆ” ಎಂದಳು ಆಕೆ ಅವ್ವನಿಗೆ.

ನಾನು ಇನ್ನೂ ಹೇಳುವವಳಿದ್ದೆ. ಒಂದು ಪಾದ ಹೋಗಿಬಿಟ್ಟರೆ ನಿಮ್ಮ ಲಕ್ಷ್ಮಿ ತಂದುಕೊಡುತ್ತಾಳಾ ಎಂದು ಕೇಳುವವಳಿದ್ದೆ. ಅಷ್ಟರಲ್ಲಿ ಅವ್ವ ನಡುವೆ ಬಾಯಿ ಹಾಕಿದಳು. “ಅವಳ ಮಾತ್ಗೇನು ಬುಡಿ ಅಮ್ಮಾರೇ. ನಿಮ್ಮದು ಹೊಲಿಯೋವಾಗ ಬಿಚ್ಚಿಕ್ಕಿ, ಕಾಲು ತೊಳ್ಕಂಡು ಹೊಲೀತೀನಿ.”

ಆಕೆ ಸಮಾಧಾನದಿಂದ ಹೋದಳು. ಅವ್ವ ಅಲ್ಲೇ ಬಗ್ಗಿ ಚಪ್ಪಲಿಯ ಪಟ್ಟಿ ಬಿಚ್ಚತೊಡಗಿದಳು. ಎರಡು ತಿಂಗಳು ನಾನು ಕೈಯಾರೆ ಕೀವು ಒರೆಸಿ ಬಟ್ಟೆ ಕಟ್ಟಿದ ಕಾಲು ಅದು. ಆ ಪಟ್ಟಿ ಬಿಚ್ಚಿದ ಪರ್ ಎಂಬ ಸದ್ದು ಕೇಳಿ ನನ್ನ ತಲೆಯಲ್ಲಿ ಏನೋ ಕಿತ್ತುಹೋಯಿತು.

“ಹಾಕ್ಕ ಅದನ್ನ.”

“ಒಂದು ಸೀರೆ ಕಣೇ. ಒಂದು ಗಂಟೆ ಕೆಲ್ಸ.”

“ಪಿನ್ನು ಚುಚ್ಚಕ್ಕೆ ಒಂದು ಗಂಟೆ ಬೇಕಾ?”

“ನೋಡ್ಕಂಡು ಕಾಲಿಡ್ತೀನಿ ಬುಡು.”

“ಬರಿಗಾಲೇ ಆಗ್ಬೇಕಾ ಆವಮ್ಮನಿಗೆ? ಏಳು ಮ್ಯಾಲೆ. ನಾನು ಹೊಲೀತೀನಿ. ನನ್ನ ಕಾಲಲ್ಲಿ ಇನ್ನೂ ಜೀವ ಐತೆ.”

ಅವಳು ಎದ್ದ ತಕ್ಷಣ ನಾನು ಬಚ್ಚಲಿಗೆ ಹೋಗಿ ಕಾಲು ತೊಳೆದು ಬಂದು, ಆ ಹಸಿರು ಸೀರೆಯನ್ನು ಸೂಜಿಯಡಿಗೆ ಸರಿಸಿ, ಮಿಷನ್ನಿನ ಮುಂದೆ ಕೂತೆ. ನಾಲ್ಕನೇ ಕ್ಲಾಸಿನ ಮೇಲೆ ಮೊದಲ ಸಲ. ಪೆಡಲ್ ತಣ್ಣಗಿತ್ತು, ಅದರ ಕಬ್ಬಿಣದ ಹೂವಿನ ಕೆತ್ತನೆ ಅಂಗಾಲಿಗೆ ಒತ್ತಿತು. ಇಷ್ಟು ವರ್ಷ ಅವ್ವನ ಕಾಲಿಗೆ ಒತ್ತಿದ್ದು ಇದೇ ಹೂವು, ಈಗ ಅವಳಿಗೆ ಇದೂ ಗೊತ್ತಾಗುವುದಿಲ್ಲ ಎಂದುಕೊಂಡು ಜೋರಾಗಿ ತುಳಿದೆ. ಚಕ್ರ ಹಿಂದಕ್ಕೆ ತಿರುಗಿತು. ದಾರ ಕಿತ್ತುಹೋಯಿತು.

“ಏಳೇ.”

“ಏಳಲ್ಲ.”

ದಾರ ಪೋಣಿಸಿ ಮತ್ತೆ ತುಳಿದೆ. ಈ ಸಲ ಮುಂದಕ್ಕೆ ಹೋಯಿತು. ನಾಲ್ಕು ಬೆರಳಷ್ಟು ಹೊಲಿಗೆ ಬಿತ್ತು. ಹಾವು ಹರಿದ ಹಾಗಿತ್ತು. ರೇಷ್ಮೆಯ ಮೇಲೆ ಬಿದ್ದ ಸೂಜಿಯ ತೂತು ಹಾಗೇ ಉಳಿಯುತ್ತದೆ ಎಂದು ಗೊತ್ತಿದ್ದೂ ನಿಲ್ಲಿಸಲಿಲ್ಲ. ಅವ್ವ ಮರದ ಪಟ್ಟಿಯನ್ನು ಕೈಗೆ ತೆಗೆದುಕೊಂಡಿದ್ದಳು. ಹೊಡೆಯಲಿ ಎಂದೇ ಕೂತಿದ್ದೆ.

“ಇದುಕ್ಕೇನೇ ನಿನ್ನ ಓದ್ಸಿದ್ದು? ಇದ್ರ ಮ್ಯಾಲೆ ಕುಂತ್ಕಳ್ಳಿ ಅಂತಾನೇ?”

“ನೀನು ಕಾಲು ಕಳ್ಕಂಡು ಮೂಲೇಲಿ ಕುಂತ್ಕಳ್ಳಿ ಅಂತಾನಾ ನಾನು ಓದಿದ್ದು?”

ಬೀದಿಯಲ್ಲಿ ಯಾರೋ ನಿಂತು ಕೇಳಿಸಿಕೊಂಡು ಹೋದರು. ಅವ್ವ ಪಟ್ಟಿಯಲ್ಲಿ ಮಿಷನ್ನಿನ ಹಲಗೆಯ ಮೇಲೆ ಒಂದು ಏಟು ಹಾಕಿದಳು. ಲಕ್ಷ್ಮಿಯ ಮೇಲೆ ಅವಳು ಕೈಯೆತ್ತಿದ್ದನ್ನು ನಾನು ಮೊದಲ ಸಲ ನೋಡಿದೆ.

“ಏಳು. ಹಾಕ್ಕಂಡೇ ಹೊಲೀತೀನಿ. ಆವಮ್ಮ ಒಪ್ಪಿದ್ರೆ ಒಪ್ಲಿ, ಇಲ್ಲಾಂದ್ರೆ ಬುಡ್ಲಿ. ನೀನು ಮಾತ್ರ ಇಲ್ಲಿ ಕುಂತ್ಕಬ್ಯಾಡ.”

ನಾನು ಎದ್ದೆ. ಗೆದ್ದೆ ಎಂದು ಅನ್ನಿಸಲಿಲ್ಲ. ತನ್ನ ಪಾದಕ್ಕಾಗಿ ಮಾಡದ್ದನ್ನು ಅವಳು ನನ್ನ ಡಿಗ್ರಿಗಾಗಿ ಮಾಡಿದ್ದಳು. ಅದಕ್ಕೂ ನನಗೆ ಸಿಟ್ಟೇ ಬಂತು. ಅವ್ವ ಚಪ್ಪಲಿ ಹಾಕಿಕೊಂಡು, ನನ್ನ ಡೊಂಕು ಹೊಲಿಗೆಯನ್ನು ಬ್ಲೇಡಿನಲ್ಲಿ ಒಂದೊಂದಾಗಿ ಬಿಚ್ಚಿ, ಆ ತೂತುಗಳು ಒಳಮಡಿಕೆಗೆ ಹೋಗುವಂತೆ ನೆರಿಗೆಯನ್ನು ಬೇರೆಯಾಗಿ ಹಿಡಿದು, ಬಾಣ ನೋಡಿಕೊಂಡು ಹೊಲಿದಳು. ಒಂದು ಗಂಟೆಯ ಕೆಲಸಕ್ಕೆ ಮಧ್ಯಾಹ್ನವೆಲ್ಲ ಹಿಡಿಯಿತು.

ಹಬ್ಬದ ಹಿಂದಿನ ಸಂಜೆ ಆಕೆ ಬಂದಳು. ಅವ್ವ ಸೀರೆ ಕೊಡುವ ಮೊದಲೇ ಹೇಳಿದಳು. “ಚಪ್ಪಲಿ ಹಾಕ್ಕಂಡೇ ಹೊಲ್ದಿದ್ದೀನಿ ಅಮ್ಮಾರೇ. ಹೇಳ್ದೆ ಕೊಡಬಾರ್ದು ಅಂತ ಹೇಳ್ತಿದ್ದೀನಿ. ಬ್ಯಾಡ ಅಂದ್ರೆ ಬಿಚ್ಚಿಕೊಡ್ತೀನಿ.”

ಆಕೆ ಸೀರೆಯನ್ನು ಬೆಳಕಿಗೆ ಹಿಡಿದು ನೆರಿಗೆಯ ಮೇಲೆ ಬೆರಳಾಡಿಸಿದಳು. ಅವ್ವನ ಕಾಲು ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ನೆರಿಗೆ ನೋಡಿದಳು.

“ಹೋಗ್ಲಿ ಬುಡು. ಒಂದೀಟು ಅರಿಶ್ಣದ ನೀರು ಚಿಮುಕಿಸ್ಕತೀನಿ” ಎಂದು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಒಂದಿಷ್ಟು ಅರಿಶಿನದ ನೀರು. ಇದಕ್ಕೆ ಇಷ್ಟೇ ಸಾಕಾಗುವುದಾದರೆ ಮೊದಲೇ ಯಾಕೆ ಸಾಕಾಗಲಿಲ್ಲ ಎಂದು ನಾನು ಈವರೆಗೆ ಯಾರನ್ನೂ ಕೇಳಿಲ್ಲ. ಕೇಳಿದರೆ ನಗುತ್ತಾರೆ. ಆ ನಗುವನ್ನು ನನ್ನಿಂದ ಸಹಿಸಲಾಗುವುದಿಲ್ಲ.

ಆಕೆ ಹೋದ ಮೇಲೆ ನಾನು ತಗಡಿನ ಡಬ್ಬಿಯಿಂದ ಆಯಸ್ಕಾಂತ ತೆಗೆದು, ದಾರ ಕಟ್ಟಿ, ನೆಲದ ಮೇಲೆ ಆಡಿಸಿದೆ. ಮೂಲೆಯಲ್ಲಿ ಒಂದು ಸೂಜಿ ಸಿಕ್ಕಿತು. ಆಮೇಲೆ ಅವ್ವನ ಎದುರು ಕೂತು ಕಾಲು ಚಾಚು ಎಂದೆ. ಮಗಳು ಕಾಲು ಹಿಡಿಯುವುದು ಅವಳಿಗೆ ಇಷ್ಟವಿಲ್ಲ, ಗೊಣಗುತ್ತ ಚಾಚಿದಳು. ಪಾದ ಎರಡೂ ಚೆನ್ನಾಗಿದ್ದವು. ಬಲಗಾಲಿನ ಚಪ್ಪಲಿಯನ್ನು ಮಗುಚಿ ನೋಡಿದೆ. ಅಟ್ಟೆಯ ನಡುವೆ ಒಂದು ಗುಂಡುಪಿನ್ನು ತಲೆಯವರೆಗೂ ಹೂತಿತ್ತು. ಎಳೆದು ತೆಗೆದು ಅವಳ ಮುಖದ ಮುಂದೆ ಹಿಡಿದೆ.

ಅವ್ವ ಅದನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

“ಡೊಂಕಾಗಿಲ್ಲ” ಎಂದಳು. “ಡಬ್ಬಿಗೆ ಹಾಕು.”